ಚಿಗರಿಗೆ ಮೇವು ಹಾಕೋರು ಯಾರು?

ಧಾರವಾಡದ ವಿದ್ಯಾಗಿರಿಯಿಂದ ಹುಬ್ಬಳ್ಳಿಯ ವಿದ್ಯಾನಗರಕ್ಕೆ ಹೋಗಲು ನನ್ನ ಮುಂದೆ ಮೂರು ಬಸ್ಸುಗಳಿವೆ. ಮೂರೂ ಓಡೋದು ಅದೇ ಪಿ.ಬಿ. ರೋಡಿನ ಮೇಲೆ. ರಸ್ತೆಯ ನಟ್ಟನಡುವೆ, ತನ್ನದೇ ಹಾದಿಯಲ್ಲಿ ಯಾರ ಹಂಗೂ ಇಲ್ಲದೆ ಹೋಗುವುದು ಚಿಗರಿ. ಎಸಿ ಬಸ್ಸು, ಟಿಕೆಟ್ ತೆಗೆಯಬೇಕು. ರಸ್ತೆಯ ಬದಿಯಲ್ಲಿ ಕಾರು, ಬೈಕು, ಆಟೊ, ಲಾರಿಗಳ ಜೊತೆ ಗುದ್ದಾಡುತ್ತ ಬರುವುದು ಸರ್ಕಾರದ ಸಾದಾ ಬಸ್ಸು. ನಾವು ಹೆಣ್ಣುಮಕ್ಕಳು ಆಧಾರ್ ತೋರಿಸಿದರೆ ಸಾಕು, ಶಕ್ತಿ ಯೋಜನೆಯಲ್ಲಿ ಪುಕ್ಕಟೆ. ಅದೇ ಬದಿಯಲ್ಲೇ ಬರುವ ಮೂರನೆಯದು ಬೇಂದ್ರೆ ನಗರ ಸಾರಿಗೆ. ವರಕವಿಯ ಹೆಸರು, ಖಾಸಗಿ ಮಾಲೀಕರು. ಕೈ ತೋರಿಸಿದಲ್ಲಿ ನಿಲ್ಲುತ್ತದೆ, ಆದರೆ ಅದರಲ್ಲಿ ಶಕ್ತಿ ಇಲ್ಲ, ರೊಕ್ಕ ಕೊಡಬೇಕು.

ಹೀಗಾಗಿ ದಿನಾ ಬೆಳಿಗ್ಗೆ ಒಂದು ಲೆಕ್ಕ ಶುರುವಾಗುತ್ತದೆ. ಚಿಗರಿ ಹಿಡಿದರೆ ಹೊತ್ತಿಗೆ ಸರಿಯಾಗಿ ಆಫೀಸು, ತಿಂಗಳ ಕೊನೆಗೆ ಸಾವಿರದ ಆಸುಪಾಸು ಖರ್ಚು. ಸಾದಾ ಬಸ್ಸಿಗೆ ಕಾದರೆ ಖರ್ಚು ಸೊನ್ನೆ, ಆದರೆ ಯಾವಾಗ ಬರುತ್ತದೋ, ಬಂದರೆ ಕಾಲಿಡಲು ಜಾಗ ಇರುತ್ತದೋ ಗೊತ್ತಿಲ್ಲ. ನನ್ನ ಸಂಬಳಕ್ಕೆ ಸಾವಿರ ರೂಪಾಯಿ ದೊಡ್ಡ ಹೊರೆಯಲ್ಲ. ನಾನು ಚಿಗರಿ ಹತ್ತುತ್ತೇನೆ. ಕಿಟಕಿಯ ಪಕ್ಕ ಕೂತು ನೋಡಿದರೆ ಬದಿಯಲ್ಲಿ, ಬಿಸಿಲಿನಲ್ಲಿ, ಸಾದಾ ಬಸ್ಸಿಗೆ ಕಾಯುತ್ತ ನಿಂತವರ ಸಾಲು ಕಾಣುತ್ತದೆ. ಸೆರಗು ತಲೆಯ ಮೇಲೆ ಹೊದ್ದುಕೊಂಡು, ಒಂದು ಕೈ ಹಣೆಗೆ ಅಡ್ಡ ಹಿಡಿದು ಧಾರವಾಡದ ದಿಕ್ಕಿಗೇ ನೋಡುತ್ತ ನಿಂತವರು. ಹತ್ತು ಗಂಟೆ ದಾಟಿದ ಮೇಲೆ ನೀವು ಹೋಗುವವರಾದರೆ ಇನ್ನೊಂದು ಮಾತೂ ಗಮನಿಸಿರುತ್ತೀರಿ: ಅವರ ಮುಂದೆ ಹಾದು ಹೋಗುವ ಚಿಗರಿಯಲ್ಲಿ ಎಷ್ಟೋ ಸೀಟು ಖಾಲಿ.

ಈ ಊರಿನ ಹೊರಗಿನವರಿಗೆ ಒಂದಿಷ್ಟು ಹಿನ್ನೆಲೆ ಹೇಳಬೇಕು. ನಮ್ಮ ಕಡೆ ಜಿಂಕೆಗೆ ಚಿಗರಿ ಅನ್ನುತ್ತಾರೆ. ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್, ಅಂದರೆ ಬಸ್ಸಿಗೇ ಮೀಸಲಾದ ರಸ್ತೆಯಲ್ಲಿ ಓಡುವ ತ್ವರಿತ ಸಾರಿಗೆಯ ಬಸ್ಸುಗಳಿಗೆ ಇಟ್ಟ ಹೆಸರು ಅದು. ಎರಡೂ ಊರುಗಳ ನಡುವೆ ಸುಮಾರು 22 ಕಿಲೊಮೀಟರ್ ಹಾದಿ. ಇದಕ್ಕಾಗಿ 2012ರಲ್ಲಿ ಒಂದು ಕಂಪನಿ ಕಟ್ಟಿದರು. ಕೇಂದ್ರದ ಸುಸ್ಥಿರ ನಗರ ಸಾರಿಗೆ ಯೋಜನೆಯಡಿ ವಿಶ್ವಬ್ಯಾಂಕಿನ ನೆರವು ಬಂತು. ಒಟ್ಟು ಖರ್ಚು ಸುಮಾರು 970 ಕೋಟಿ ರೂಪಾಯಿ. 2018ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಬಸ್ಸುಗಳು ಪ್ರಾಯೋಗಿಕವಾಗಿ ಓಡಲು ಶುರು ಮಾಡಿದವು. 2020ರ ಫೆಬ್ರುವರಿ 2ರಂದು ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅಧಿಕೃತವಾಗಿ ಉದ್ಘಾಟಿಸಿದರು. ಎರಡು ತಿಂಗಳು ತುಂಬುವಷ್ಟರಲ್ಲಿ ಲಾಕ್‌ಡೌನ್. ಹಾಲುಗಲ್ಲದ ಕೂಸಿಗೆ ದೃಷ್ಟಿ ತಾಗಿದ ಹಾಗೆ.

ಬಸ್ಸು ಓಡಿಸುವುದು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ. 1997ರ ನವೆಂಬರ್ 1ರಂದು ಹುಟ್ಟಿದ, ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ಸಂಸ್ಥೆ. (ಆ ಕಚೇರಿ ಇರುವುದು ಗೋಕುಲ ರೋಡಿನಲ್ಲಿ, ಚಿಗರಿಯ ಹಾದಿಯಿಂದ ಹೊರಗೆ. ಅಲ್ಲಿನ ನೌಕರರು ಯಾವ ಬಸ್ಸಿಗೆ ಹೋಗುತ್ತಾರೋ ಒಮ್ಮೆ ಕೇಳಬೇಕು.)

ಚಿಗರಿ ಬರುವ ಮೊದಲಿನ ಪಿ.ಬಿ. ರೋಡು ಈಗ ಕಾಲೇಜಿಗೆ ಹೋಗುವ ಹುಡುಗ-ಹುಡುಗಿಯರಿಗೆ ಗೊತ್ತಿರಲಿಕ್ಕಿಲ್ಲ. ರಸ್ತೆಯ ಎರಡೂ ಕಡೆ ದೊಡ್ಡ ದೊಡ್ಡ ಮರ, ನೆರಳು, ನವಲೂರಿನ ಹತ್ತಿರ ಬುಟ್ಟಿ ಇಟ್ಟುಕೊಂಡು ಪ್ಯಾರಲ ಮಾರುವವರು. ಚೆಂದ ಇತ್ತು. ಆದರೆ ಉಣಕಲ್ಲಿನಲ್ಲಿ ಸಿಕ್ಕಿಬಿದ್ದ ಬಸ್ಸು ಭೈರಿದೇವರಕೊಪ್ಪ ದಾಟುವುದರೊಳಗೆ ಅರ್ಧ ನಿದ್ದೆ ಮುಗಿದಿರುತ್ತಿತ್ತು. ಹುಬ್ಬಳ್ಳಿಯಲ್ಲಿ ಮದುವೆ ಇದ್ದರೆ ಧಾರವಾಡದವರು ಅಕ್ಷತೆಗೆ ಎರಡು ತಾಸು ಮೊದಲೇ ಹೊರಡುತ್ತಿದ್ದರು. ಎರಡು ಊರು, ಒಂದೇ ಸಂಸಾರ ನೋಡಿ ನಮ್ಮದು. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ, ಐಐಟಿ ಎಲ್ಲ ಆ ಕಡೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ, ಕಿಮ್ಸ್, ಮಾರ್ಕೆಟ್ಟು, ವಿಮಾನ ನಿಲ್ದಾಣ ಈ ಕಡೆ. ಇತ್ತ ಮಲಗಿ ಅತ್ತ ದುಡಿಯುವವರು, ಅತ್ತ ಮಲಗಿ ಇತ್ತ ಓದುವವರು ಸಾವಿರಾರು ಮಂದಿ. ನಡುವಿನ ರಸ್ತೆಯೇ ನಮ್ಮ ಪಡಸಾಲೆ.

ಅಂಥ ಊರಿಗೆ, ಸಿಗ್ನಲ್ಲಿನಲ್ಲಿ ಕಾರುಗಳ ಹಿಂದೆ ನಿಲ್ಲದೆ ಹೋಗುವ ಬಸ್ಸು ಬಂದಾಗ ಆದ ಬದಲಾವಣೆ ಸಣ್ಣದಲ್ಲ. ರಾತ್ರಿ ಪಾಳಿ ಮುಗಿಸಿದ ನರ್ಸ್‌ಗಳು, ಟ್ಯೂಷನ್ ಮುಗಿಸಿ ಬರುವ ಹುಡುಗಿಯರು ಬೆಳಕಿರುವ, ಮನುಷ್ಯರಿರುವ ನಿಲ್ದಾಣದಲ್ಲಿ ನಿಂತು ಬಸ್ಸಿಗೆ ಕಾಯುವಂತಾಯಿತು. ನಾನು ಈ ಊರಿನಲ್ಲೇ ಕೆಲಸ ಹಿಡಿದು ಉಳಿದುಕೊಂಡೆ, ಬೆಂಗಳೂರಿನ ರೈಲು ಹತ್ತಲಿಲ್ಲ ಅಂದರೆ ಅದರಲ್ಲಿ ಚಿಗರಿಯದೂ ಒಂದು ಪಾಲಿದೆ.

ಈಗ ಆ ಮೂರು ಬಸ್ಸುಗಳ ಲೆಕ್ಕಕ್ಕೆ ವಾಪಸ್ ಬರೋಣ. ಶಕ್ತಿ ಯೋಜನೆ ಶುರುವಾದದ್ದು 2023ರ ಜೂನ್ 11ರಂದು. ನಗರ, ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹವಾನಿಯಂತ್ರಿತ ಮತ್ತು ಐಷಾರಾಮಿ ಬಸ್ಸುಗಳು ಯೋಜನೆಯ ಹೊರಗೆ. ನಿಯಮ ಬರೆದವರ ಮನಸ್ಸಿನಲ್ಲಿ ಇದ್ದದ್ದು ಐರಾವತ, ರಾಜಹಂಸ, ಬೆಂಗಳೂರಿನ ವಜ್ರ ಇರಬೇಕು. ಹೈದರಾಬಾದಿಗೋ ಮುಂಬೈಗೋ ಮಲಗಿಕೊಂಡು ಹೋಗುವವರಿಗೆ ಸರ್ಕಾರ ಯಾಕೆ ಟಿಕೆಟ್ ಕೊಡಬೇಕು, ಸರಿಯಾದ ಮಾತೇ. ಆದರೆ ಅದೇ ಗೆರೆಯ ಆಚೆ ಬಿದ್ದದ್ದು ನಮ್ಮ ಚಿಗರಿ. ಇದು ಐಷಾರಾಮದ ಬಸ್ಸಲ್ಲ, ಊರಿನ ಒಳಗೆ ಓಡುವ ಸಿಟಿ ಬಸ್ಸು. ಅದರ ನೆತ್ತಿಯ ಮೇಲೆ ಒಂದು ಎಸಿ ಯಂತ್ರ ಇದೆ, ಅಷ್ಟೇ.

ಅದೂ ಯಾವ ಊರಿನಲ್ಲಿ? ಧಾರವಾಡದಲ್ಲಿ! ಮಳೆಗಾಲದಲ್ಲಿ ಸ್ವೆಟರ್ ಹಾಕಿಕೊಂಡು ಚಾ ಕುಡಿಯುವ, ನಿವೃತ್ತರೆಲ್ಲ ಹವಾ ಚಲೋ ಐತಿ ಅಂತ ಬಂದು ಮನೆ ಕಟ್ಟುವ ಊರಿನಲ್ಲಿ. ವರ್ಷದ ಎರಡು-ಮೂರು ತಿಂಗಳು ಬಿಟ್ಟರೆ ಕಿಟಕಿ ತೆರೆದರೆ ಸಾಕಾಗುವ ಗಾಳಿ ನಮ್ಮದು. ಚಿಗರಿ ಕೊಂಡಾಗ ಯಾರಿಗೂ ಶಕ್ತಿ ಯೋಜನೆಯ ಕನಸು ಬಿದ್ದಿರಲಿಲ್ಲ, ಹಾಗಾಗಿ ಆಗಿನವರನ್ನು ದೂರುವಂತಿಲ್ಲ. ಕಾರು ಬೈಕಿನವರನ್ನು ಬಸ್ಸಿಗೆ ಸೆಳೆಯಬೇಕು ಅಂದರೆ ಬಸ್ಸು ಚೆಂದ ಇರಬೇಕು, ತಣ್ಣಗಿರಬೇಕು ಅನ್ನುವ ವಿಚಾರ ಅವರದು. ಆದರೆ ಇವತ್ತಿನ ಮಟ್ಟಿಗೆ ಹೇಳುವುದಾದರೆ ಈ ಅವಳಿ ನಗರದಲ್ಲಿ ಒಬ್ಬ ಹೆಣ್ಣುಮಗಳು ಟಿಕೆಟ್ ತೆಗೆಯಬೇಕೋ ಬೇಡವೋ ಅನ್ನೋದನ್ನ ತೀರ್ಮಾನಿಸುವುದು ಆ ಯಂತ್ರ.

ನಮ್ಮ ಮನೆಯಲ್ಲೇ ಇದರ ಎರಡು ಮುಖ ನೋಡಬಹುದು. ನಮ್ಮ ಅತ್ತೆಗೆ ಅರವತ್ತೆಂಟು. ಪುಕ್ಕಟೆ ಪ್ರಯಾಣದ ಹಕ್ಕು ಇರುವವರು. ಆದರೂ ಹುಬ್ಬಳ್ಳಿಯ ತವರುಮನೆಗೆ ಹೋಗುವಾಗ ಪರ್ಸಿನಿಂದ ರೊಕ್ಕ ತೆಗೆದು ಚಿಗರಿಯನ್ನೇ ಹತ್ತುತ್ತಾರೆ. ಕಾರಣ ಎಸಿ ಅಲ್ಲ, ಎಸಿ ಅವರಿಗೆ ಆಗಿಬರುವುದೂ ಇಲ್ಲ, ಕಿವಿಗೆ ಹತ್ತಿ ಇಟ್ಟುಕೊಂಡೇ ಕೂಡುತ್ತಾರೆ. ಕಾರಣ ಮೊಣಕಾಲು.

"ಆ ಬಸ್ಸಿನ ಪಾವಟಿಗಿ ಎಷ್ಟ ಎತ್ತರ ಅದಾವ ನೋಡವಾ. ಒಂದ ಕಾಲ ಮ್ಯಾಲ ಇಡೂದರಾಗ ಕಂಡಕ್ಟರ್ ಸೀಟಿ ಊದಿರ್ತಾನ. ಇಲ್ಲಾದರ ಮನಿ ಹೊಸ್ತಿಲಾ ದಾಟಿದಂಗ ದಾಟಿ ಒಳಗ ಹೋಗಿ ಕೂಡೂದು. ಇಪ್ಪತ್ತ ರೂಪಾಯಿ ಹೋದರ ಹೋಗಲಿ."

ಚಿಗರಿಯ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿವೆ. ಇಳಿಜಾರಿನ ಹಾದಿ ಇದೆ, ಗಾಲಿಕುರ್ಚಿಯಲ್ಲಿ ಬರುವವರೂ ಏರಬಹುದು. ಕೋಲು ಹಿಡಿದವರು, ಬಸುರಿಯರು, ಕಂಕುಳಲ್ಲಿ ಕೂಸು ಹೊತ್ತವರು ನೂಕಾಟ ಇಲ್ಲದೆ ಒಳಗೆ ಬರುವ ಬಸ್ಸು ಕರ್ನಾಟಕದಲ್ಲಿ ಎಷ್ಟು ಊರಿಗೆ ಇದೆ ಹೇಳಿ? ಎದುರಿನ ಗದ್ದಲದ ರಸ್ತೆ ದಾಟಿ ಆ ನಡುವಿನ ನಿಲ್ದಾಣ ಮುಟ್ಟುವುದೇ ಅತ್ತೆಗೆ ಕಷ್ಟ, ಅದು ಬೇರೆ ಮಾತು. ಆಗ ಯಾರಾದರೂ ಕಾಲೇಜು ಹುಡುಗರ ಕೈ ಹಿಡಿಯುತ್ತಾರೆ.

ಇನ್ನೊಂದು ಮುಖ ನಮ್ಮ ಆಫೀಸಿನ ಕಸಗೂಡಿಸುವ ಅಕ್ಕಂದು. ರಾಯಾಪುರದ ಕಡೆಯವರು. ನಮಗಿಂತ ಮೊದಲು ಆಫೀಸು ಮುಟ್ಟಬೇಕು, ನೆಲ ಒರೆಸಿ ಆರಿರಬೇಕು. ಅವರ ಮನೆಯಿಂದ ಚಿಗರಿ ನಿಲ್ದಾಣ ಕೂಗಳತೆಯಲ್ಲಿದೆ. ಆದರೆ ದಿನಕ್ಕೆ ಹೋಗಿಬರುವ ಟಿಕೆಟ್ಟಿನ ರೊಕ್ಕ ಅಂದರೆ ಅವರ ಮನೆಯ ಒಂದು ಹೊತ್ತಿನ ಕಾಯಿಪಲ್ಲೆ. ಅದಕ್ಕೇ ಬೇಗ ಎದ್ದು, ಬದಿಗೆ ನಿಂತು, ಸಾದಾ ಬಸ್ಸಿಗೆ ಕಾಯುತ್ತಾರೆ. ಚಿಗರಿಯಲ್ಲಿ ಬರುವಂತಿದ್ದರೆ ಮುಕ್ಕಾಲು ತಾಸು ತಡ ಮಾಡಿ ಮನೆ ಬಿಡಬಹುದಂತೆ.

"ಆ ಮುಕ್ಕಾಲು ತಾಸಿನ್ಯಾಗ ಏನ ಮಾಡತಿದ್ರಿ ಅಕ್ಕ?" ಅಂತ ಒಮ್ಮೆ ಚಾ ಕುಡಿಯುವಾಗ ಸುಮ್ಮನೆ ಕೇಳಿದೆ. ನಿದ್ದೆ ಅಂತಾರೆ ಅಂದುಕೊಂಡಿದ್ದೆ.

"ಮಗಳಿಗೆ ಹೆಳಲ ಹಾಕತಿದ್ನಿರಿ ಅಕ್ಕಾರ. ಈಗ ಆಕಿ ಏಳೂದರಾಗ ನಾ ಬಿಟ್ಟಿರ್ತೇನಲ್ರಿ. ಬಾಜೂ ಮನಿಯಾಕಿ ಹಾಕತಾಳ."

ಶಕ್ತಿ ಯೋಜನೆಯನ್ನು ಟೀಕಿಸಲು ಈ ಮಾತು ಹೇಳುತ್ತಿಲ್ಲ. 2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಹೆಣ್ಣುಮಕ್ಕಳ ಉಚಿತ ಪ್ರಯಾಣ 500 ಕೋಟಿ ದಾಟಿತು. ಆ ಯೋಜನೆ ಇಲ್ಲದಿದ್ದರೆ ಈ ಅಕ್ಕ ಹುಬ್ಬಳ್ಳಿಯ ಕೆಲಸವನ್ನೇ ಹಿಡಿಯುತ್ತಿರಲಿಲ್ಲ, ಹಾಗಂತ ಅವರೇ ಹೇಳಿದ್ದಾರೆ. ನಾನು ಕೇಳುವುದು ಇಷ್ಟೇ: ಸರ್ಕಾರ ಒಂದು ಕೈಯಿಂದ ಹೆಣ್ಣುಮಕ್ಕಳಿಗೆ ಬಸ್ಸು ಕೊಟ್ಟಿತು, ಇನ್ನೊಂದು ಕೈಯಿಂದ 970 ಕೋಟಿಯ ರಸ್ತೆ ಮಾಡಿತು, ಎರಡೂ ಕೈ ಒಂದನ್ನೊಂದು ಮುಟ್ಟಲೇ ಇಲ್ಲವಲ್ಲ?

ಖಾಲಿ ಸೀಟಿನ ಲೆಕ್ಕ ನೋಡಿ. ಮಧ್ಯಾಹ್ನ ಹನ್ನೊಂದಕ್ಕೆ ಧಾರವಾಡ ಬಿಡುವ ಚಿಗರಿಯಲ್ಲಿ ಇಪ್ಪತ್ತು ಮಂದಿ ಇದ್ದರೂ ಡೀಸೆಲ್ ಸುಡುತ್ತದೆ, ನಲವತ್ತು ಮಂದಿ ಇದ್ದರೂ ಸುಮಾರು ಅಷ್ಟೇ ಸುಡುತ್ತದೆ. ಚಾಲಕರ ಸಂಬಳ ಅಷ್ಟೇ, ನಿಲ್ದಾಣದ ಕರೆಂಟು ಅಷ್ಟೇ. ಅದೇ ಹೊತ್ತಿಗೆ ಬದಿಯ ಸಾದಾ ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದವರು. ಒಂದೇ ಸಂಸ್ಥೆಯ ಎರಡು ಬಸ್ಸು, ಒಂದೇ ರಸ್ತೆ, ಒಂದು ಉಬ್ಬಸ ಪಡುತ್ತಿದೆ, ಇನ್ನೊಂದು ಹಗುರಾಗಿ ಓಡುತ್ತಿದೆ. ಕಿರಾಣಿ ಅಂಗಡಿಯವನಾದರೂ ಹೀಗೆ ವ್ಯಾಪಾರ ಮಾಡಲಾರ.

ಹಾಗಾದರೆ ನಾಳೆಯಿಂದಲೇ ಚಿಗರಿಯನ್ನೂ ಫ್ರೀ ಮಾಡಿಬಿಡಲಿ ಅನ್ನಬಹುದು. ಅಲ್ಲೇ ಇರೋದು ತೊಡಕು. ಚಿಗರಿಗೆ ಇವತ್ತು ಕೈಗೆ ಸಿಗುವ ನಗದು ಅಂದರೆ ನಮ್ಮಂಥವರ ಟಿಕೆಟ್ಟು. ಅದು ನಿಂತರೆ ಆ ಜಾಗಕ್ಕೆ ಸರ್ಕಾರದ ರೊಕ್ಕ ಹೊತ್ತಿಗೆ ಸರಿಯಾಗಿ ಬರಬೇಕು. ಬರುತ್ತದೆಯೇ? 2025ರ ಜನವರಿಯಲ್ಲಿ ಏನಾಯಿತು ನೆನಪಿಸಿಕೊಳ್ಳಿ. 5ನೇ ತಾರೀಖಿನಿಂದ ನಾಲ್ಕೂ ಸಾರಿಗೆ ಸಂಸ್ಥೆಗಳ ದರ ಶೇ 15ರಷ್ಟು ಏರಿತು. ಅದೇ ತಿಂಗಳು, ಭವಿಷ್ಯ ನಿಧಿ ಮತ್ತು ಇಂಧನದ ಬಾಕಿ ತೀರಿಸಲು ನಾಲ್ಕೂ ಸಂಸ್ಥೆಗಳು ಒಟ್ಟು 2,000 ಕೋಟಿ ರೂಪಾಯಿ ಸಾಲ ಎತ್ತಲು ಸರ್ಕಾರ ಒಪ್ಪಿತು. ಅದರಲ್ಲಿ ನಮ್ಮ ವಾಯವ್ಯ ಸಾರಿಗೆಯ ಪಾಲು 646 ಕೋಟಿ. ನಾಲ್ಕರಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ನಮ್ಮದೇ, ಬೆಂಗಳೂರಿನ ಬಿಎಂಟಿಸಿಗಿಂತಲೂ ಹೆಚ್ಚು. ಸಾಲ ಹೊಸ ಬಸ್ಸಿಗಲ್ಲ, ಹಳೆಯ ಬಾಕಿಗೆ. ಹಿಂದಿನ ತಿಂಗಳ ಕಿರಾಣಿ ಉದ್ದರಿ ತೀರಿಸಲು ಈ ತಿಂಗಳು ಸಾಲ ಮಾಡಿದ ಹಾಗೆ.

ಆ ಸಂಸ್ಥೆಯ ಕಷ್ಟವೂ ಕಡಿಮೆಯದಲ್ಲ. ಅದು ಬೆಳಗಾವಿ, ಧಾರವಾಡ, ಉತ್ತರ ಕನ್ನಡ, ಬಾಗಲಕೋಟೆ, ಗದಗ, ಹಾವೇರಿ ಆರೂ ಜಿಲ್ಲೆಗಳನ್ನು ನೋಡಿಕೊಳ್ಳಬೇಕು. ಜೊಯಿಡಾದ ಕಾಡಿನ ಹಳ್ಳಿಗೆ ದಿನಕ್ಕೆ ಎರಡು ಸಲ ಹೋಗುವ ಬಸ್ಸೂ ಅದರದ್ದೇ. ಕಲಘಟಗಿಯ ಶಾಲೆ ಹುಡುಗರ ಬಸ್ಸೂ ಅದರದ್ದೇ. ಅಲ್ಲಿ ಒಂದು ಟೈರ್ ಹಾಕುವುದೋ ಚಿಗರಿಗೆ ಒಂದು ಬಿಡಿಭಾಗ ತರಿಸುವುದೋ ಅನ್ನುವ ಪ್ರಶ್ನೆ ಬಂದಾಗ ಚಿಗರಿ ಮುಂದೆ ನಿಲ್ಲಬೇಕು ಅಂತ ನಾನೂ ಹೇಳಲಾರೆ. ಕಟ್ಟುವಾಗ ವಿಶ್ವಬ್ಯಾಂಕು ಬಂತು, ಕೇಂದ್ರ ಬಂತು, ರಾಜ್ಯ ಬಂತು, ಕಲ್ಲಿನ ಮೇಲೆ ಹೆಸರು ಬಂತು. ದಿನಾ ಓಡಿಸುವ ಖರ್ಚಿಗೆ ಯಾವ ಕಲ್ಲಿನ ಮೇಲೂ ಹೆಸರು ಬರುವುದಿಲ್ಲ. ಬ್ರೇಕು ಬದಲಿಸಿದ್ದಕ್ಕೆ ಯಾರಾದರೂ ರಿಬ್ಬನ್ ಕತ್ತರಿಸಿದ್ದನ್ನು ನೋಡಿದ್ದೀರಾ?

ರೊಕ್ಕದ ಈ ಮಾತು ಯಾರೂ ಆಡುವುದಿಲ್ಲ. ನಮ್ಮ ಊರಿನ ಚಹಾದಂಗಡಿಯಿಂದ ಹಿಡಿದು ರಾಜಕೀಯ ಭಾಷಣಗಳವರೆಗೆ ನಡೆಯುವುದು ಹಾದಿಯ ಮಾತು. ನಡುವಿನ ಹಾದಿ ಖಾಲಿ ಬಿದ್ದಿರುತ್ತದೆ, ಬದಿಯಲ್ಲಿ ನಾವು ಸಾಯುತ್ತೇವೆ, ಎಲ್ಲರಿಗೂ ಬಿಟ್ಟುಕೊಡಿ ಅನ್ನುವುದು. ಮೊನ್ನೆ ನನ್ನನ್ನು ಕೂರಿಸಿಕೊಂಡ ಆಟೊದವರು ಉಣಕಲ್ಲಿನಿಂದ ಹೊಸೂರಿನವರೆಗೂ ಅದನ್ನೇ ಹೇಳಿದರು. ಅವರ ಸಿಟ್ಟು ಸುಳ್ಳಲ್ಲ. ಬದಿಯ ರಸ್ತೆ ಕೆಲವು ಕಡೆ ಇಕ್ಕಟ್ಟು. ಧಾರವಾಡದ ಟೋಲ್ ನಾಕಾದಲ್ಲಿ ಜೋರು ಮಳೆ ಬಂದರೆ ರಸ್ತೆಯೇ ಕೆರೆ, ಹೋದ ವರ್ಷವೂ ಅದೇ, ಅದರ ಹಿಂದಿನ ವರ್ಷವೂ ಅದೇ. ಈ ರಸ್ತೆಗಾಗಿ ಜನ ಕೊಟ್ಟದ್ದೂ ಕಡಿಮೆಯಲ್ಲ. ಮರ ಹೋದವು, ಅಂಗಡಿ ಹೋದವು, ಮನೆಯ ಮುಂದಿನ ಅಂಗಳ ಹೋದವು. ಭೈರಿದೇವರಕೊಪ್ಪದ ಹಳೆಯ ದರ್ಗಾವನ್ನು 2022ರ ಡಿಸೆಂಬರಿನಲ್ಲಿ ಪೊಲೀಸ್ ಬಂದೋಬಸ್ತಿನಲ್ಲಿ ತೆರವು ಮಾಡಿದ್ದು ಇದೇ ರಸ್ತೆಗಾಗಿ. ಇಷ್ಟೆಲ್ಲ ಕೊಟ್ಟವರು ಬದಿಯಲ್ಲಿ ಸಿಕ್ಕಿಬಿದ್ದು ಹಾರ್ನ್ ಹೊಡೆಯುವಾಗ ಪಕ್ಕದ ಖಾಲಿ ಹಾದಿ ಕಣ್ಣಿಗೆ ಚುಚ್ಚದೆ ಇರುತ್ತದೆಯೇ?

ಆದರೆ ಖಾಲಿ ಕಾಣುವುದೇ ಆ ಹಾದಿಯ ಗುಣ. ಅಂಬುಲೆನ್ಸಿಗೆ ದಾರಿ ಬಿಟ್ಟಾಗಲೂ ಅದು ಖಾಲಿಯೇ ಕಾಣುತ್ತದೆ. ಬೆಳಿಗ್ಗೆ ತುಂಬಿದ ಒಂದು ಚಿಗರಿಯಲ್ಲಿ ನಿಂತವರೂ ಸೇರಿ ಎಪ್ಪತ್ತು-ಎಂಬತ್ತು ಮಂದಿ ಇರುತ್ತಾರೆ. ಅವರೆಲ್ಲ ಇಬ್ಬಿಬ್ಬರಂತೆ ಸ್ಕೂಟರಿನಲ್ಲಿ ಬಂದರೂ ನಲವತ್ತು ಸ್ಕೂಟರು. ಆಟೊದವರಿಗೆ ನಾನು ಕೇಳಿದ್ದು ಅದನ್ನೇ, "ಆ ನಲವತ್ತೂ ನಿಮ್ಮ ಮುಂದ ನಿಂತರ ಏನ ಮಾಡತೀರಿ?" ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಅದೂ ಖರೆ ಬಿಡ್ರಿ" ಅಂದರು. ಹೊಸೂರು ಬಂತು. ಬಾಡಿಗೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಹಾದಿ ತೆರೆದ ಊರುಗಳ ಕಥೆಯೂ ಗೊತ್ತಿರಲಿ. ದೆಹಲಿಯ ಬಿಆರ್‌ಟಿ 2016ರಲ್ಲಿ ನೆಲಸಮವಾಯಿತು. ಭೋಪಾಲದವರು 2024ರಲ್ಲಿ ತಮ್ಮದನ್ನು ಒಡೆಯಲು ಶುರು ಮಾಡಿದರು. ಇಂದೋರಿನದಕ್ಕೂ 2025ರಲ್ಲಿ ಹೈಕೋರ್ಟಿನ ಒಪ್ಪಿಗೆ ಸಿಕ್ಕಿತು. ಇನ್ನೊಂದು ಕಡೆ, 2009ರಲ್ಲಿ ಶುರುವಾದ ಅಹಮದಾಬಾದಿನ ಜನಮಾರ್ಗ ಇವತ್ತೂ ಓಡುತ್ತಿದೆ. ದೂರದ ಕೊಲಂಬಿಯಾದ ಬೊಗೋಟಾ ಊರಿನಲ್ಲಿ 2000ದಿಂದ ಇಂಥದ್ದೇ ಬಸ್ಸು, ಬ್ರೆಜಿಲಿನ ಕುರಿಟಿಬಾದಲ್ಲಿ 1974ರಿಂದ. ನನ್ನ ಅಭಿಪ್ರಾಯ ಕೇಳಿದರೆ ನಮ್ಮದು ದೆಹಲಿಯ ಹಾಗಲ್ಲ. ಅಲ್ಲಿ ಇದ್ದದ್ದು ಊರಿನ ನಡುವಿನ ಆರು ಕಿಲೊಮೀಟರಿನ ತುಂಡು. ನಮ್ಮದು ಎರಡು ಊರುಗಳನ್ನು ಹೊಲಿದ ದಾರ. ಮಧ್ಯೆ ಕತ್ತರಿಸಿದರೆ ಎರಡೂ ಕಡೆ ಬಿಚ್ಚಿಕೊಳ್ಳುತ್ತದೆ.

ರಾಜಕೀಯದವರ ಬಳಿ ಇನ್ನೊಂದು ಉತ್ತರ ಇದೆ: ಇನ್ನೂ ದೊಡ್ಡದನ್ನು ತರೋಣ. ಜಿಲ್ಲಾ ಉಸ್ತುವಾರಿ ಸಚಿವ ಸಂತೋಷ್ ಲಾಡ್ ಅವರು ಸ್ವಿಟ್ಜರ್ಲೆಂಡಿನ ಹೆಸ್ ಕಂಪನಿಯ ಇ-ಆರ್‌ಟಿ ಬಗ್ಗೆ ಮಾತಾಡುತ್ತ ಬಂದಿದ್ದಾರೆ. ವಿದ್ಯುತ್ತಿನಿಂದ ಓಡುವ, ಟ್ರಾಮಿನಂತೆ ಉದ್ದ ಇರುವ, ಆದರೆ ಹಳಿಯಿಲ್ಲದೆ ಟೈರಿನ ಮೇಲೆ ಹೋಗುವ ಗಾಡಿ. ಹೊಗೆ ಇಲ್ಲ, ಸದ್ದಿಲ್ಲ. ಬರಲಿ, ಯಾರು ಬೇಡ ಅಂದರು? 2018ರ ಬಸ್ಸುಗಳಿಗೆ ವಯಸ್ಸಾಗಿದೆ, ಬದಲಿಸಲೇಬೇಕು. ಆದರೆ ಕೇಳಬೇಕಾದ ಪ್ರಶ್ನೆ ಒಂದಿದೆ. ಡೀಸೆಲ್ ಬಸ್ಸು ಓಡಿಸುವ ಖರ್ಚಿಗೇ ಒಂದು ಖಾಯಂ ಮೂಲ ಇಲ್ಲದ ಊರಿನಲ್ಲಿ, ಅದಕ್ಕಿಂತ ಎಷ್ಟೋ ದುಬಾರಿಯ ಗಾಡಿಯ ಎಂಟನೇ ವರ್ಷದ ರಿಪೇರಿಗೆ ಯಾರು ಕೊಡುತ್ತಾರೆ? ಇನ್ನೊಂದು ಪ್ರಶ್ನೆಯೂ ಇದೆ. ಅದರ ನೆತ್ತಿಯ ಮೇಲೂ ಎಸಿ ಇರುತ್ತದಲ್ಲ, ರಾಯಾಪುರದ ಅಕ್ಕ ಅದನ್ನೂ ಬದಿಯಲ್ಲಿ ನಿಂತೇ ನೋಡಬೇಕೋ?

ಇದರ ನಡುವೆ ನಮ್ಮ ಪಾಲಿಕೆಯೂ ಬೇರೆ ಮನೆ ಮಾಡಲು ಹೊರಟಿದೆ. 1962ರಲ್ಲಿ ಒಂದಾದ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಿಂದ ಧಾರವಾಡವನ್ನು ಬೇರ್ಪಡಿಸಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಧಾರವಾಡದವರಿಗೆ ಇದು ಬಹಳ ದಿನದ ಆಸೆ. ಅನುದಾನವೆಲ್ಲ ಹುಬ್ಬಳ್ಳಿಗೇ ಹೋಗುತ್ತದೆ ಅನ್ನುವ ಕೊರಗು ನಮ್ಮ ಓಣಿಯಲ್ಲೂ ಇದೆ, ನನಗೂ ಸ್ವಲ್ಪ ಇದೆ. ಅಣ್ಣ-ತಮ್ಮಂದಿರು ಪಾಲಾಗುವಾಗ ಹೊಲ, ಮನೆ, ಎತ್ತು ಹಂಚಿಕೊಳ್ಳಬಹುದು. ನಡುವಿನ ಬಾವಿ? ಅದಕ್ಕೆ ಹಗ್ಗ ತರುವವರು ಯಾರು, ಹೂಳು ತೆಗೆಸುವವರು ಯಾರು? ಚಿಗರಿ ಆ ಬಾವಿ. ಎರಡು ಪಾಲಿಕೆ, ಒಂದು ಕಂಪನಿ, ಒಂದು ಸಾರಿಗೆ ಸಂಸ್ಥೆ, ಮೇಲೆ ರಾಜ್ಯ ಸರ್ಕಾರ. ಇಷ್ಟು ಜನರ ಕೂಸು ಹಸಿದು ಮಲಗುವುದೇ ಹೆಚ್ಚು.

ನನಗೆ ಸಾರಿಗೆ ಶಾಸ್ತ್ರ ಗೊತ್ತಿಲ್ಲ, ದಿನಾ ಎರಡು ಸಲ ಓಡಾಡುವ ಅನುಭವ ಇದೆ. ಅದರ ಮೇಲೆ ಹೇಳುವುದಾದರೆ, ಮೊದಲು ಆಫೀಸಿನ ಗದ್ದಲ ಇಲ್ಲದ ಹೊತ್ತಿನಲ್ಲಿ, ಅಂದರೆ ನಸುಕಿನಲ್ಲಿ ಮತ್ತು ಮಧ್ಯಾಹ್ನ, ಹೆಣ್ಣುಮಕ್ಕಳಿಗೆ ಚಿಗರಿಯನ್ನು ತೆರೆದು ನೋಡಲಿ. ಸೀಟು ಹೇಗೂ ಖಾಲಿ ಇರುತ್ತದೆ. ಆಗ ಹತ್ತುವವರಲ್ಲಿ ಹೆಚ್ಚಿನವರು ಹೇಗೂ ಇವತ್ತು ಟಿಕೆಟ್ ಕೊಡುತ್ತಿಲ್ಲ, ಹಾಗಾಗಿ ಸಂಸ್ಥೆ ಕಳೆದುಕೊಳ್ಳುವುದು ಸ್ವಲ್ಪ. ನನ್ನಂಥವರು ಒಂಬತ್ತು ಗಂಟೆಯ ಟಿಕೆಟ್ಟು ಕೊಡುತ್ತಲೇ ಇರುತ್ತೇವೆ, ಕೊಡಲಿಕ್ಕೆ ಬೇಸರವೂ ಇಲ್ಲ. ಬದಿಯ ಸಾದಾ ಬಸ್ಸಿನ ಮೇಲಿನ ಭಾರ ಇಳಿದರೆ ಅಲ್ಲಿ ಉಳಿದ ಬಸ್ಸನ್ನು ಚಿಗರಿ ಮುಟ್ಟದ ಕಡೆಗೆ ತಿರುಗಿಸಬಹುದು. ಐಐಟಿ, ಹೈಕೋರ್ಟ್ ಪೀಠ, ಗೋಕುಲ ರೋಡಿನ ಕಾರ್ಖಾನೆಗಳು. ಜುಬಿಲಿ ಸರ್ಕಲ್ಲಿನಲ್ಲಿ ಇಳಿದ ಮೇಲೆ ಮುಂದೆ ಹೋಗಲು ಆಟೊಗೆ ಚಿಗರಿ ಟಿಕೆಟ್ಟಿನ ಎರಡರಷ್ಟು ಕೊಡುವವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಮತ್ತು ಶಕ್ತಿಯ ರೊಕ್ಕ ತಿಂಗಳು ತಿಂಗಳು, ಸಂಬಳದಂತೆ, ಸಂಸ್ಥೆಗೆ ಬೀಳಲಿ. ಮುಂದಿನ ಸಲ ಬಸ್ಸು ಕೊಳ್ಳುವಾಗ ಕಿಟಕಿ ತೆರೆಯುವ ಬಸ್ಸು ತರಬಹುದೇ ಅಂತ ಒಮ್ಮೆಯಾದರೂ ಯೋಚಿಸಲಿ. ಕಾರಿನವರು ಎಸಿ ಇಲ್ಲದಿದ್ದರೆ ಹತ್ತುವುದಿಲ್ಲ ಅನ್ನುವ ವಾದ ಇದೆ. ಇರಬಹುದು. ಈ ಏಳು ವರ್ಷ ಎಸಿ ಇದ್ದಾಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಷ್ಟು ಜನ ಕಾರು ಮಾರಿ ಚಿಗರಿ ಹತ್ತಿದರು ಅಂತ ಎಣಿಸಲು ನನಗೆ ಒಂದು ಕೈಯ ಬೆರಳೂ ಬೇಕಾಗಲಿಲ್ಲ.

ಕಳೆದ ವಾರ ಗಂಡ ಮೊಬೈಲಿನಲ್ಲಿ ಆ ಇ-ಆರ್‌ಟಿ ಗಾಡಿಯ ವಿಡಿಯೊ ತೋರಿಸಿದರು. ಯಾವುದೋ ಯುರೋಪಿನ ಊರು, ಹಸಿರು ಹುಲ್ಲು, ಕನ್ನಡಿಯಂಥ ಗಾಡಿ ಸದ್ದಿಲ್ಲದೆ ಬಂದು ನಿಲ್ಲುತ್ತದೆ, ಬಾಗಿಲು ತೆರೆಯುತ್ತದೆ. ಅತ್ತೆ ಕನ್ನಡಕ ಸರಿ ಮಾಡಿಕೊಂಡು ಪೂರ್ತಿ ನೋಡಿದರು. ಪಾವಟಿಗಿ ಇಲ್ಲ ಅನ್ನುವುದನ್ನು ಮೊದಲು ಗಮನಿಸಿದ್ದು ಅವರೇ.

"ಛಲೋ ಐತಪಾ," ಅಂದರು. ಆಮೇಲೆ ಫೋನು ವಾಪಸ್ ಕೊಡುತ್ತ, "ಖರೆ, ಇದು ಎಷ್ಟ ಹೊತ್ತಿಗೊಮ್ಮೆ ಬರತೈತಿ?"

ಗಂಡ ವಿಡಿಯೊವನ್ನು ಮೊದಲಿನಿಂದ ಇನ್ನೊಮ್ಮೆ ಓಡಿಸಿದರು. ಅದು ಅದರಲ್ಲಿ ಇರಲಿಲ್ಲ.